ಸ್ಕೂಲ್ ಬೋರ್ಡ್ ಚುನಾವಣೆಗೆ ನಿಲ್ಲಬೇಕು ಅಂತಿದ್ದೇನೆ, ಗೊತ್ತಿರುವವರು ಹೇಳಿ

ಹಾಸನದವಳು, ಬೇ ಏರಿಯಾ
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿದ್ದೇವೆ, ಮಕ್ಕಳಿಬ್ಬರೂ ಇಲ್ಲಿನ ಪಬ್ಲಿಕ್ ಸ್ಕೂಲಿನಲ್ಲಿ ಓದುತ್ತಿದ್ದಾರೆ. 2026ರ ನವೆಂಬರ್ 3ಕ್ಕೆ ನಡೆಯುವ ಚುನಾವಣೆಯಲ್ಲಿ ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ಬೋರ್ಡಿಗೆ, ಅಂದರೆ ಇಲ್ಲಿನ ಪಬ್ಲಿಕ್ ಸ್ಕೂಲುಗಳ ಚುನಾಯಿತ ಮಂಡಳಿಗೆ, ನಿಲ್ಲುವ ಮನಸ್ಸಾಗಿದೆ. ಮಕ್ಕಳ ಸಂಖ್ಯೆ ಇಳಿಯುತ್ತಿದೆ, ರಾಜ್ಯದ ದುಡ್ಡು ಬರುವುದು ಹಾಜರಾತಿ ನೋಡಿ, ಹಾಗಾಗಿ ಎಲಿಮೆಂಟರಿ ಸ್ಕೂಲು ಮುಚ್ಚುವ ಮಾತು ನಡೆದಿದೆ. ಮೀಟಿಂಗಿಗೆ ಹೋದರೆ ಎರಡು ನಿಮಿಷ ಮೈಕ್ ಕೊಡುತ್ತಾರೆ. ಹೇಳಿ ಬರುತ್ತೇವೆ. ಬೋರ್ಡಿನವರು ಒಂದು ಮಾತೂ ಆಡುವುದಿಲ್ಲ, ನನಗೆ ಅದೇ ಜಾಸ್ತಿ ಸಿಟ್ಟು.

ಸಿಟಿಜನ್ ಆಗಿದ್ದೇನೆ, ಓಟೂ ಇದೆ. ಖರ್ಚು ಎಷ್ಟಾಗುತ್ತದೆ? ಎಚ್-1ಬಿ ಕೆಲಸದ ವೀಸಾದಲ್ಲಿರುವ ಸ್ನೇಹಿತರು ಸಹಾಯ ಮಾಡುತ್ತೇವೆ ಅನ್ನುತ್ತಿದ್ದಾರೆ, ತಗೊಳ್ಳಬಹುದಾ? ಕನ್ನಡ ಕೂಟದಲ್ಲಿ ಹೇಳಿಸಿದರೆ ಓಟು ಬರುತ್ತದಾ?

ದಾವಣಗೆರೆ ಬೆಣ್ಣೆ
ದುಡ್ಡಿನ ವಿಷಯ ಮೊದಲು, ಯಾಕೆಂದರೆ ತಪ್ಪಾದರೆ ಇಲ್ಲೇ ಆಗುತ್ತದೆ. ಎಚ್-1ಬಿ ಸ್ನೇಹಿತರಿಂದ ಒಂದು ಡಾಲರೂ ಬೇಡ ಮೇಡಂ. ಅಮೆರಿಕದ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರು ಮಾತ್ರ ಚುನಾವಣೆಗೆ ದುಡ್ಡು ಕೊಡಬಹುದು, ಅದು ಫೆಡರಲ್ ಕಾನೂನು, ಸ್ಕೂಲ್ ಬೋರ್ಡಿನಷ್ಟು ಚಿಕ್ಕ ಚುನಾವಣೆಗೂ ಅನ್ವಯ. ಊರಿಂದ ಅಪ್ಪ ಕಳಿಸುತ್ತೇನೆ ಅಂದರೂ ಬೇಡ. ಆದರೆ ಆ ಸ್ನೇಹಿತರು ಸಂಬಳ ತಗೊಳ್ಳದೆ ನಿಮ್ಮ ಜೊತೆ ಮನೆಮನೆಗೆ ಬರಬಹುದು, ಅದಕ್ಕೆ ಅಡ್ಡಿಯಿಲ್ಲ.

ಯಾರ ಹತ್ತಿರವಾದರೂ ದುಡ್ಡು ತಗೊಳ್ಳುವ ಮೊದಲು ಫಾರ್ಮ್ 501, ಅಂದರೆ ಚುನಾವಣೆಗೆ ನಿಲ್ಲುತ್ತೇನೆ ಅಂತ ತಿಳಿಸುವ ಅರ್ಜಿ, ಹಾಕಿ. ಸಂಗ್ರಹವಾಗಲಿ ಖರ್ಚಾಗಲಿ 2,000 ಡಾಲರ್ ಮುಟ್ಟಿತೆಂದರೆ ಪ್ರಚಾರದ ದುಡ್ಡಿಗೆ ಅಂತ ಕಮಿಟಿ ಮಾಡಬೇಕು, ಲೆಕ್ಕ ಕೊಡಬೇಕು. ಓಟರ್ ಗೈಡಿನಲ್ಲಿ ಬರುವ ನಿಮ್ಮ ಪರಿಚಯಕ್ಕೆ ಸಾಮಾನ್ಯವಾಗಿ 200 ಪದ, ಅದರ ಅಚ್ಚಿನ ಖರ್ಚು ಹೆಚ್ಚಿನ ಕಡೆ ಅಭ್ಯರ್ಥಿಯದ್ದೇ. ಕೌಂಟಿಯಿಂದ ಕೌಂಟಿಗೆ ಬೇರೆ ಬೇರೆ, ಮತದಾರರು ಜಾಸ್ತಿ ಇದ್ದರೆ ಸಾವಿರಾರು ಡಾಲರ್ ಆಗುತ್ತದೆ. ಈಗಲೇ ಎಲೆಕ್ಷನ್ ಆಫೀಸಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಇನ್ನೊಂದು, ಎಲ್ಲ ಸೀಟೂ ಒಂದೇ ಸಲ ಖಾಲಿ ಆಗುವುದಿಲ್ಲ. ನಾಲ್ಕು ವರ್ಷದ ಅವಧಿ, ಎರಡು ವರ್ಷಕ್ಕೊಮ್ಮೆ ಸುಮಾರು ಅರ್ಧ ಸೀಟು. ನಿಮ್ಮ ಡಿಸ್ಟ್ರಿಕ್ಟನ್ನು ಏರಿಯಾ ಅಂತ ಭಾಗ ಮಾಡಿದ್ದರೆ ನಿಮ್ಮ ಮನೆ ಇರುವ ಏರಿಯಾಕ್ಕೆ ಈ ಸಲ ಚುನಾವಣೆ ಇದೆಯಾ ಅನ್ನುವುದನ್ನು ಮೊದಲು ನೋಡಿ, ಇಲ್ಲದಿದ್ದರೆ 2028.

ಕಾವೇರಿ ಕಡೆಯವರು
ಬೋರ್ಡಿನವರು ಬಾಯಿ ಬಿಡುವುದಿಲ್ಲ ಅಂದಿರಲ್ಲ, ಅದಕ್ಕೆ ಕಾರಣ ಇದೆ. ಸ್ಥಳೀಯ ಮಂಡಳಿಗಳ ಸಭೆ ಎಲ್ಲರಿಗೂ ತೆರೆದಿರಬೇಕು ಅನ್ನುವ ಕ್ಯಾಲಿಫೋರ್ನಿಯಾ ಕಾನೂನು, 1953ರ ಬ್ರೌನ್ ಆಕ್ಟ್ ಪ್ರಕಾರ ಮಾಮೂಲಿ ಮೀಟಿಂಗಿನ ಅಜೆಂಡಾ 72 ಗಂಟೆ ಮೊದಲೇ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು, ಅದರಲ್ಲಿ ಇಲ್ಲದ ವಿಷಯ ಯಾರಾದರೂ ಎತ್ತಿದರೆ ಚುಟುಕಾಗಿ ಪ್ರತಿಕ್ರಿಯೆ ಕೊಡಬಹುದೇ ಹೊರತು ಚರ್ಚೆಗೆ ಇಳಿಯುವಂತಿಲ್ಲ. ಐದು ಜನರ ಬೋರ್ಡಾದರೆ ಮೂವರು ಸೇರಿ ಹೊರಗಡೆ ಬೋರ್ಡಿನ ವಿಷಯ ಮಾತಾಡುವಂತೆಯೂ ಇಲ್ಲ, ವಾಟ್ಸಾಪಿನಲ್ಲೂ. ನೀವು ಗೆದ್ದರೆ ಇದೇ ಕಟ್ಟು ನಿಮಗೂ. ಎದುರಿಗೆ ಒಬ್ಬ ತಾಯಿ ಅಳುತ್ತಿದ್ದರೂ ಸುಮ್ನೆ ಕೂರಬೇಕಾಗಬಹುದು. ಶಾಲೆ ನಡೆಸುವುದೂ ಬೋರ್ಡ್ ಅಲ್ಲ, ಸೂಪರಿಂಟೆಂಡೆಂಟ್. ಬೋರ್ಡ್ ಅವರನ್ನು ನೇಮಿಸುತ್ತದೆ, ಬಜೆಟ್ ಒಪ್ಪುತ್ತದೆ, ನೀತಿ ಮಾಡುತ್ತದೆ.

ಕನ್ನಡ ಕೂಟದ ಪ್ರಶ್ನೆ. ಕೂಟ ದಾನಕ್ಕೆ ತೆರಿಗೆ ವಿನಾಯಿತಿ ಇರುವ ಸಂಸ್ಥೆಯಾಗಿದ್ದರೆ ಇವರಿಗೆ ಓಟು ಹಾಕಿ ಅಂತ ವೇದಿಕೆಯಿಂದ ಹೇಳುವ ಹಾಗಿಲ್ಲ. ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ನನ್ನ ಬಲವಾದ ಅನಿಸಿಕೆ ಹೇಳುತ್ತೇನೆ, ನಮ್ಮವರ ಓಟು ಲೆಕ್ಕ ಹಾಕಿಕೊಂಡು ನಿಲ್ಲುವುದಾದರೆ ನಿಲ್ಲಲೇಬೇಡಿ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು 21 ಅಥವಾ ಅದಕ್ಕಿಂತ ಜಾಸ್ತಿ ಇರುವ ಪ್ರತಿ ಸ್ಕೂಲಿನಲ್ಲೂ ಅವರ ಪೋಷಕರ ಸಮಿತಿ ಇರಲೇಬೇಕು. ಆ ಸಭೆಗಳಿಗೆ ಹೋಗಿ ಕೂತು ಕೇಳಿ. ಸಂಜೆ ಬೋರ್ಡ್ ಮೀಟಿಂಗಿಗೆ ಬರಲಾಗದೆ ಎರಡನೇ ಶಿಫ್ಟಿಗೆ ಹೋಗುವ ಅಪ್ಪ ಅಮ್ಮಂದಿರು ಅಲ್ಲಿ ಸಿಗುತ್ತಾರೆ.

ತುಮಕೂರಿನ ಅಕ್ಕ
ನಾನು ಅಮೆರಿಕ ನೋಡಿಲ್ಲ ತಂಗಿ. ಇಲ್ಲಿ ನಮ್ಮ ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಧ್ಯಕ್ಷೆಯಾಗಿದ್ದೆ. ಕರ್ನಾಟಕದಲ್ಲಿ 2001ರಿಂದ ಎಸ್‌ಡಿಎಂಸಿ ಇದೆ, ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು, ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆ ತಾಯಿಯರೇ ಇರಬೇಕು, ಅರ್ಧ ಹೆಂಗಸರಿರಬೇಕು ಅಂತಾಯಿತು. ಮಕ್ಕಳು ಕಡಿಮೆ ಅಂತ ಇಲ್ಲೂ ಶಾಲೆ ಮುಚ್ಚುತ್ತಾರೆ, ವಿಲೀನ ಅನ್ನುತ್ತಾರೆ ಅಷ್ಟೆ. ಪಕ್ಕದ ಊರಿನ ಶಾಲೆಗೆ ನಡೆದು ಹೋಗಬೇಕಾದಾಗ ಮೊದಲು ಶಾಲೆ ಬಿಡುವವರು ಹೆಣ್ಣುಮಕ್ಕಳು. ನಾವು ಸಭೆಯನ್ನು ಕೂಲಿ ಮುಗಿದ ಮೇಲೆ ಸಂಜೆ ಇಟ್ಟುಕೊಂಡ ಮೇಲೇ ತಾಯಂದಿರು ಬಂದು ಈ ಮಾತು ಹೇಳಿದ್ದು, ಅಲ್ಲಿಯವರೆಗೆ ಕಾಗದದಲ್ಲಿ ಬರೀ ಮಕ್ಕಳ ಸಂಖ್ಯೆ ಇತ್ತು. ನಿಮ್ಮಲ್ಲಿ ಮುಚ್ಚುವ ಸ್ಕೂಲಿನ ಮಕ್ಕಳು ನಾಳೆ ಯಾವುದರಲ್ಲಿ ಹೋಗುತ್ತಾರೆ? ಬಸ್ ಇದೆಯಾ?

ಹಾಸನದವಳು, ಬೇ ಏರಿಯಾ
ಬಸ್ ಇಲ್ಲ ಅಕ್ಕಾ. ಇಲ್ಲಿ ಎಲ್ಲ ಮಕ್ಕಳಿಗೂ ಬಸ್ ಕೊಡಲೇಬೇಕು ಅಂತ ಕಾನೂನಿಲ್ಲ, ಹೆಚ್ಚಿನವರು ಕಾರಿನಲ್ಲೇ ಬಿಡುತ್ತಾರೆ. ಕಾರು ಒಂದೇ ಇರುವ ಮನೆ, ಅದೂ ಬೆಳಿಗ್ಗೆ ಆರಕ್ಕೇ ಕೆಲಸಕ್ಕೆ ಹೊರಟಿರುತ್ತದೆ, ಅಂಥವರು ಆ ಸ್ಕೂಲಿನ ಸುತ್ತ ಬಹಳ ಜನ ಇದ್ದಾರೆ. ಮುಂದಿನ ಮೀಟಿಂಗಿನಲ್ಲಿ ಇದನ್ನೇ ಕೇಳುತ್ತೇನೆ. ಅದಕ್ಕೂ ಮೊದಲು ಆ ಪೋಷಕರ ಸಮಿತಿಗೆ ಹೋಗಿ ಬರುತ್ತೇನೆ.

ದಾವಣಗೆರೆ ಬೆಣ್ಣೆ
ಹೋಗಿ ಬನ್ನಿ, ಆದರೆ ದಿನಾಂಕ ಮರೆಯಬೇಡಿ. ನಾಮಪತ್ರಕ್ಕೆ ಜುಲೈ 13ರಿಂದ ಆಗಸ್ಟ್ 7. ಈಗಿರುವ ಸದಸ್ಯರೇ ಅರ್ಜಿ ಹಾಕದಿದ್ದರೆ ಬೇರೆಯವರಿಗೆ ಆಗಸ್ಟ್ 12ರವರೆಗೆ ಅವಕಾಶ ಸಿಗುತ್ತದೆ, ಅದನ್ನು ನಂಬಿಕೊಂಡು ಕೂರಬೇಡಿ. ಶನಿವಾರಗಳಲ್ಲಿ ಮನೆಮನೆ ಸುತ್ತಲು ನಾನು ಬರುತ್ತೇನೆ, ಮೆಸೇಜ್ ಹಾಕಿ.