‘ಡ್ಯುಯಲ್ ಬೂಟ್’: ಪೋಡಿ ಸರಿ, ‘ಹೂಟ’ ನಡೆದೀತೇ?

ಮಾನ್ಯರೇ, ನಮಸ್ಕಾರ.

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಉಬುಂಟು (ಲಿನಕ್ಸಿನ ಒಂದು ಬಗೆ) ಎಂಬ ಎರಡು ಕಾರ್ಯಾಚರಣಾ ವ್ಯವಸ್ಥೆಗಳನ್ನೂ (ಓಎಸ್) ಇಟ್ಟುಕೊಂಡು, ಚಾಲೂ ಮಾಡುವಾಗ ಬೇಕಾದುದನ್ನು ಆರಿಸಿಕೊಳ್ಳುವ ಏರ್ಪಾಡನ್ನು ‘ಡ್ಯುಯಲ್ ಬೂಟ್’ ಎನ್ನುತ್ತಾರೆ. ಇಂಗ್ಲಿಷ್ ಬಾರದವರಿಗಾಗಿ ಅದರ ಬಗ್ಗೆ ಆರೇಳು ಪುಟಗಳ ಕೈಪಿಡಿ ಬರೆಯಲು ಕುಳಿತಿರುವ ನನಗೆ ಪಾರ್ಟಿಶನ್ (ಡಿಸ್ಕನ್ನು ಭಾಗ ಮಾಡುವುದು), ಬೂಟ್ (ಓಎಸನ್ನು ಚಾಲೂ ಮಾಡುವುದು), ಡ್ಯುಯಲ್ (ಎರಡಿರುವ) ಎಂಬ ಮೂರು ಪದಗಳು ತೊಡಕಾಗಿವೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿದೆ ಎಂದುಕೊಂಡಿದ್ದೇನೆ. ಉಳಿದೆರಡಕ್ಕೆ ನಿಮ್ಮ ಅಭಿಪ್ರಾಯ ಬೇಕು.

ದಾವಣಗೆರೆಯ ದುರಸ್ತಿ ಅಂಗಡಿಗಳಲ್ಲಿ ಈ ಕಷ್ಟವಿಲ್ಲ. ‘ಎರಡೂ ಓಎಸ್ ಹಾಕಿಕೊಡಿ’ ಎಂದರೆ ಕೆಲಸ ಮುಗಿಯಿತು. ‘ಇನ್‌ಸ್ಟಾಲ್’ಗೆ ‘ಅನುಸ್ಥಾಪಿಸು’ ಎಂದು ಬರೆಯುವವರು ಅರ್ಧ ಗಂಟೆ ಅಂತಹ ಅಂಗಡಿಯಲ್ಲಿ ಕುಳಿತರೆ ‘ಹಾಕು’ ಎಂಬುದೇ ಸಾಕೆಂದು ಒಪ್ಪಿಯಾರು.

‘ಪಾರ್ಟಿಶನ್’ಗೆ ಪದ ಕೊಟ್ಟವರು ಜಗಳೂರು ಕಡೆಯ ಒಬ್ಬ ಪರವಾನಗಿ ಭೂಮಾಪಕರು. ನಕ್ಷೆಯ ತಂತ್ರಾಂಶಕ್ಕಾಗಿ ವಿಂಡೋಸನ್ನು ಉಳಿಸಿಕೊಂಡು ಲಿನಕ್ಸನ್ನೂ ಹಾಕಿಸಿಕೊಳ್ಳಬೇಕೆಂದು ಲ್ಯಾಪ್‌ಟಾಪ್ ತಂದಿದ್ದ ಅವರಿಗೆ, 500 ಜಿಬಿ ಡಿಸ್ಕಿನಲ್ಲಿ ವಿಂಡೋಸಿನ ಜಾಗವನ್ನು ಕುಗ್ಗಿಸಿ 100 ಜಿಬಿ ಬಿಡಿಸಿಕೊಳ್ಳುವುದನ್ನು ಪರದೆಯ ಮೇಲೆ ತೋರಿಸುತ್ತಿದ್ದೆ. ‘ಅಂದ್ರೆ ಪೋಡಿ ಮಾಡಿದಂಗಾತು ಬಿಡ್ರಿ’ ಎಂದರು. ಒಂದು ಸರ್ವೆ ನಂಬರನ್ನು ಅಳೆದು, ನಕ್ಷೆ ಮಾಡಿ, 42/1, 42/2 ಎಂದು ಹಿಸ್ಸಾ ನಂಬರು ಕೊಡುವುದು ಪೋಡಿ. ಲಿನಕ್ಸ್ ಕೂಡ ಡಿಸ್ಕಿನ ಭಾಗಗಳನ್ನು ಎಸ್‌ಡಿಎ1, ಎಸ್‌ಡಿಎ2 ಎಂದು ಅದೇ ಧಾಟಿಯಲ್ಲಿ ಎಣಿಸುತ್ತದೆ. ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬ ದಾಖಲೆ ಡಿಸ್ಕಿನ ಮೊದಲಿಗೇ ಇರುತ್ತದೆ. ಹಳೆಯ ಎಂಬಿಆರ್ ಪದ್ಧತಿಯ ದಾಖಲೆಯಲ್ಲಿ ನಾಲ್ಕೇ ಮುಖ್ಯ ಭಾಗಗಳಿಗೆ ಅವಕಾಶವಿತ್ತು, ಈಗಿನ ಜಿಪಿಟಿಯಲ್ಲಿ ಸಾಮಾನ್ಯವಾಗಿ 128ಕ್ಕೆ ಇದೆ. ಆ ದಾಖಲೆ ಕೆಟ್ಟರೆ ನೆಲವೂ ಬೆಳೆಯೂ ಇದ್ದಲ್ಲೇ ಇದ್ದರೂ ಯಾವುದು ಯಾರದೆಂದು ತಿಳಿಯದೆ ಹೋಗುತ್ತದೆ. ‘ವಿಭಾಗ’ ಎಂದರೆ ಕಚೇರಿ ನೆನಪಾಗುತ್ತದೆ, ‘ವಿಭಜನೆ’ ಎಂದರೆ 1947. ‘ಪಾಲು’ ಅಣ್ಣತಮ್ಮಂದಿರ ಹಕ್ಕಿನ ಮಾತಾಯಿತೇ ಹೊರತು ಅಳತೆಯ ಮಾತಲ್ಲ. ಆದುದರಿಂದ ‘ಪೋಡಿ’ಯನ್ನೇ ಬಳಸುತ್ತೇನೆ. ಭಾಗದ ಗಾತ್ರವನ್ನು ಆಮೇಲೆ ಹಿಗ್ಗಿಸುವುದಕ್ಕೆ ಮಾತ್ರ ‘ಬದು ಒತ್ತುವುದು’ ಎನ್ನಲು ಧೈರ್ಯವಿಲ್ಲ, ಏಕೆಂದರೆ ನಮ್ಮ ಕಡೆ ಅದು ಪೊಲೀಸ್ ಠಾಣೆಯವರೆಗೆ ಹೋಗುವ ಮಾತು.

ಅದೇ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಪದವೂ ಎಡವಿಸಿತು. ಯಂತ್ರದೊಳಗಿನ ಗಡಿಯಾರದಲ್ಲಿ (ರಿಯಲ್ ಟೈಮ್ ಕ್ಲಾಕ್, ಅಂದರೆ ಆರ್‌ಟಿಸಿ) ಇರುವುದು ಸ್ಥಳೀಯ ಸಮಯವೆಂದು ವಿಂಡೋಸ್ ತಿಳಿಯುತ್ತದೆ, ಲಿನಕ್ಸ್ ಅದರಲ್ಲಿ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಎಂಬ ಜಾಗತಿಕ ಸಮಯವನ್ನು ಬರೆದಿಡುತ್ತದೆ. ಹೀಗಾಗಿ ಲಿನಕ್ಸಿನಿಂದ ವಿಂಡೋಸಿಗೆ ಮರಳಿದಾಗ ಸಂಜೆ ನಾಲ್ಕಕ್ಕೆ ಬೆಳಗಿನ ಹತ್ತೂವರೆ ಕಾಣಿಸಿತು. ‘ಆರ್‌ಟಿಸಿಯಲ್ಲಿ ವ್ಯತ್ಯಾಸವಿದೆ, ಸರಿಮಾಡುತ್ತೇನೆ’ ಎಂದೆ. ಭೂಮಾಪಕರ ಮುಖ ಗಂಭೀರವಾಯಿತು. ಅವರಿಗೆ ಆರ್‌ಟಿಸಿ ಎಂದರೆ ಪಹಣಿ, ಬೇರೆ ಅರ್ಥವೇ ಇಲ್ಲ. ಕೈಪಿಡಿಯಲ್ಲಿ ಈಗ ‘ಒಳಗಡಿಯಾರ’ ಎಂದು ಬರೆದಿದ್ದೇನೆ.

ಇನ್ನು ‘ಬೂಟ್’. ಕನ್ನಡದಲ್ಲಿ ಬೂಟು ಎಂದರೆ ಕಾಲಿಗೆ ಹಾಕುವುದು. ವಿಚಿತ್ರವೆಂದರೆ ಮೂಲದಲ್ಲಿಯೂ ಅದೇ: ಬೂಟನ್ನು ಎಳೆದು ಹಾಕಿಕೊಳ್ಳಲೆಂದು ಇರುವ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಅಸಾಧ್ಯದ ಮಾತೊಂದು ಇಂಗ್ಲಿಷಿನಲ್ಲಿದ್ದು, ಒಂದು ಪ್ರೋಗ್ರಾಮನ್ನು ಮೆಮೊರಿಗೆ ತರಲು ಇನ್ನೊಂದು ಪ್ರೋಗ್ರಾಮು ಬೇಕು, ಆ ಇನ್ನೊಂದನ್ನು ತರುವವರು ಯಾರು ಎಂಬ ತೊಡಕಿಗೆ ಅದನ್ನೇ ಹೆಸರಾಗಿಟ್ಟರು. ಎಷ್ಟೇ ಪಳಗಿದ ನಟನೂ ತನ್ನ ಹೆಗಲನ್ನು ತಾನೇ ಏರಲಾರ ಎಂಬ ನಮ್ಮ ಶಾಸ್ತ್ರದ ಮಾತು ಇದಕ್ಕೆ ಹತ್ತಿರವಾದರೂ ಅದರಿಂದ ಕ್ರಿಯಾಪದ ಹುಟ್ಟುವುದಿಲ್ಲ.

ನನ್ನ ಸೂಚನೆ ‘ಹೂಡು’. ಎತ್ತು ಹೂಡುತ್ತೇವೆ, ಬಂಡಿ ಹೂಡುತ್ತೇವೆ, ಒಲೆ ಹೂಡುತ್ತೇವೆ. ಎಲ್ಲ ಕಡೆಯೂ ಕೆಲಸಕ್ಕೆ ಮೊದಲಿನ ಅಣಿ ಮಾಡುವಿಕೆಯೇ ಅರ್ಥ. ಡಿಸ್ಕೆಂಬ ಕೊಟ್ಟಿಗೆಯಲ್ಲಿ ಮಲಗಿರುವ ವಿಂಡೋಸನ್ನೋ ಲಿನಕ್ಸನ್ನೋ ಮೆಮೊರಿಗೆ ತಂದು ಪ್ರೊಸೆಸರಿಗೆ ಕಟ್ಟುವುದಕ್ಕೆ ಇದಕ್ಕಿಂತ ಒಪ್ಪುವ ಪದ ನನಗೆ ಹೊಳೆದಿಲ್ಲ. ‘ಡ್ಯುಯಲ್’ ಎಂಬುದರ ಗೊಂದಲವೂ ಇಲ್ಲಿಯೇ ಬಿಡುತ್ತದೆ. ‘ಜೋಡಿ’, ‘ಉಭಯ’ ಎಂದರೆ ಎರಡೂ ಒಟ್ಟಿಗೆ ಓಡುತ್ತವೆಂಬ ತಪ್ಪು ಅರ್ಥ ಬರುತ್ತದೆ, ‘ಜೋಡಿ ಬೂಟು’ ಎಂದರಂತೂ ಚಪ್ಪಲಿ ಅಂಗಡಿಗೇ ಹೋದಂತಾಗುತ್ತದೆ. ಇಲ್ಲಿರುವುದು ಕೊಟ್ಟಿಗೆಯಲ್ಲಿ ಎರಡು ಜೊತೆ ಎತ್ತು, ಆದರೆ ಬಂಡಿ ಒಂದೇ. ಕಪ್ಪು ಪರದೆಯ ಮೇಲೆ ಗ್ರಬ್ (ಓಎಸನ್ನು ಮೆಮೊರಿಗೆ ತರುವ ‘ಬೂಟ್‌ಲೋಡರ್’ ಪ್ರೋಗ್ರಾಮು) ತೋರಿಸುವ ಪಟ್ಟಿಯ ಕೆಳಗೆ ಹತ್ತು, ಒಂಬತ್ತು, ಎಂಟು ಎಂದು ಎಣಿಕೆ ಇಳಿಯುತ್ತಿರುವಾಗ ನಾವು ಬಾಣದ ಕೀಲಿ ಒತ್ತಿ ಹೇಳುವುದು ಇಂದು ಯಾವ ಜೊತೆಯ ಸರದಿ ಎಂಬುದನ್ನು ಮಾತ್ರ. ಆದ್ದರಿಂದ ‘ಸರದಿ ಹೂಟ’ ಎಂದು ಕರಡಿನಲ್ಲಿ ಬರೆದಿದ್ದೇನೆ.

ಅನುಮಾನಗಳಿವೆ. ನಾಮಪದವಾಗಿ ‘ಹೂಡಿಕೆ’ಯನ್ನು ಹಣದವರು ಆಗಲೇ ತೆಗೆದುಕೊಂಡಿದ್ದಾರೆ. ‘ಹೂಟ’ ಹೊಲದವರ ಬಾಯಲ್ಲಿ ಉಳಿದಿದೆಯಾದರೂ, ಟ್ರ್ಯಾಕ್ಟರನ್ನು ಯಾರೂ ಹೂಡುವುದಿಲ್ಲ, ಹೊಡೆಸುತ್ತಾರೆ. ಮೆಕ್ಕೆಜೋಳದ ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಹುಟ್ಟಿದ ಹುಡುಗರಿಗೆ ಈ ಪದ ‘ಬೂಟ್’ನಷ್ಟೇ ಅಪರಿಚಿತವಾಗಿದ್ದರೆ ನನ್ನ ಶ್ರಮ ವ್ಯರ್ಥ. ಹಿರಿಯೂರು, ಹೊಸದುರ್ಗ ಕಡೆಯ ಸದಸ್ಯರು ತಮ್ಮ ಮನೆಯ ಮಕ್ಕಳನ್ನು ಕೇಳಿ ತಿಳಿಸಬೇಕಾಗಿ ಕೋರುತ್ತೇನೆ. ಜೊತೆಗೆ, ಓದುಗ, ನೋಡುಗ ಎಂಬ ಮಾದರಿಯಲ್ಲಿ ‘ಬೂಟ್‌ಲೋಡರ್’ಗೆ ‘ಹೂಡುಗ’ ಎಂದರೆ ಕಿವಿಗೆ ಒರಟಾಗುತ್ತದೆಯೇ ಎಂಬುದನ್ನೂ ಹೇಳಿ.