"ಲೆಟ್ಸ್ ಟೇಬಲ್ ದಿಸ್" ಅಂದ್ರೆ ಟೇಬಲ್ ಮಾಡಿ ಕಳಿಸೋದಲ್ವಂತೆ! ಇಂಥವನ್ನೆಲ್ಲ ಹೇಗೆ ಕಲಿತಿರಿ?

ಅರೆಬರೆ_ಇಂಗ್ಲಿಷು

ನಗಬೇಡಿ, ಆಯ್ತಾ. ಹೋದ ವಾರ ಆನ್‌ಲೈನ್ ಮೀಟಿಂಗಿನಲ್ಲಿ ನಾನೊಂದು ಐಡಿಯಾ ಹೇಳಿದೆ. ಆ ಕಡೆ ಇದ್ದ ಅಮೆರಿಕದ ಮ್ಯಾನೇಜರ್ "ಗುಡ್ ಪಾಯಿಂಟ್, ಲೆಟ್ಸ್ ಟೇಬಲ್ ದಿಸ್" ಅಂದರು. ನನಗೆ ಖುಷಿಯೋ ಖುಷಿ. ರಾತ್ರಿ 1 ಗಂಟೆವರೆಗೆ ಕೂತು ಎಕ್ಸೆಲ್‌ನಲ್ಲಿ 14 ಸಾಲಿನ ಟೇಬಲ್ ಮಾಡಿ, ಅದಕ್ಕೆ ಬಣ್ಣ ಬೇರೆ ಹಚ್ಚಿ ಕಳಿಸಿದೆ. ಬೆಳಿಗ್ಗೆ ಉತ್ತರ ಬಂತು: "ಐ ಥಾಟ್ ವಿ ಟೇಬಲ್ಡ್ ದಿಸ್?" ಅಯ್ಯೋ, ಅವರೇ ಒಂದು ಟೇಬಲ್ ಮಾಡಿಟ್ಟಿದ್ದರಾ ಅಂತ ಇಮೇಲ್‌ಗಳಲ್ಲೆಲ್ಲ ಹುಡುಕಾಡಿದೆ! ಕೊನೆಗೆ ಜೊತೆಯವನೊಬ್ಬ ಹೇಳಿದ, "ಅದು ಸದ್ಯಕ್ಕೆ ಬೇಡ, ಆಮೇಲೆ ನೋಡೋಣ ಅಂತ ಕಣೋ."

ಒಂದೊಂದು ಪದವೂ ಗೊತ್ತಿರುತ್ತದೆ, ಸೇರಿಸಿದರೆ ಮಾತ್ರ ತಲೆಬುಡ ಗೊತ್ತಾಗುವುದಿಲ್ಲ. 500 ಇಡಿಯಮ್‌ಗಳ ಪಿಡಿಎಫ್ ಇಳಿಸಿಕೊಂಡು ದಿನಕ್ಕೆ 10ರಂತೆ ಬಾಯಿಪಾಠ ಮಾಡುತ್ತಿದ್ದೇನೆ. ಮೂರನೇ ದಿನಕ್ಕೆ ಮೊದಲನೇ ದಿನದ್ದು ಮಾಯ. ಬೇರೆ ದಾರಿ ಇದೆಯಾ?

ನಿವೃತ್ತ_ಮೇಷ್ಟ್ರು

ಬೇಜಾರು ಮಾಡಿಕೊಳ್ಳಬೇಡಿ, ಈ "ಟೇಬಲ್" ಇಂಗ್ಲಿಷಿನವರಿಗೇ ಕೈ ಕೊಟ್ಟಿದೆ. ಬ್ರಿಟನ್ನಿನಲ್ಲಿ ಟೇಬಲ್ ಮಾಡುವುದು ಅಂದರೆ ಮುಂದಿಡುವುದು, ಅಮೆರಿಕದಲ್ಲಿ ಮುಂದೂಡುವುದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಎರಡೂ ದೇಶದ ಸೇನಾಧಿಕಾರಿಗಳು ಇದೊಂದೇ ಪದಕ್ಕೆ ಜಗಳವಾಡಿದ್ದನ್ನು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ಬ್ರಿಟಿಷರು ತುರ್ತು ವಿಷಯ, ಟೇಬಲ್ ಮಾಡಲೇಬೇಕು ಅಂತ. ಅಮೆರಿಕದವರು ಆಗುವುದೇ ಇಲ್ಲ ಅಂತ. ಜೋರು ವಾದ ನಡೆದ ಮೇಲೆ ನೋಡಿದರೆ ಇಬ್ಬರಿಗೂ ಬೇಕಾಗಿದ್ದು ಒಂದೇ.

ಆ ಪಿಡಿಎಫ್ ಮೊದಲು ಅಳಿಸಿ. ಪಟ್ಟಿಯಲ್ಲಿ ಅರ್ಥ ಇರುತ್ತದೆ, ಯಾರು ಯಾರ ಮುಂದೆ ಆಡುವ ಮಾತು ಅನ್ನುವುದು ಇರುವುದಿಲ್ಲ. "ಕಿಕ್ ದ ಬಕೆಟ್" ಪಕ್ಕದಲ್ಲಿ "ಸಾಯು" ಅಂತ ಬರೆದಿರುತ್ತಾರೆ, ಅಷ್ಟೇ. ಆದರೆ ಅದು ನಮ್ಮ "ಗೊಟಕ್ ಅಂದ" ಇದ್ದ ಹಾಗೆ. ಅಪ್ಪ ತೀರಿಕೊಂಡವರಿಗೆ ಸಮಾಧಾನ ಹೇಳಲು ಹೋಗಿ ಅದನ್ನು ಆಡಿಬಿಟ್ಟರೆ ಕಥೆ ಮುಗೀತು.

ಇನ್ನೊಂದು, ಕೆಲವನ್ನು ಅಲುಗಾಡಿಸುವ ಹಾಗಿಲ್ಲ. "ದ ಬಕೆಟ್ ವಾಸ್ ಕಿಕ್ಡ್" ಅಂದರೆ ಯಾರೂ ಸಾಯುವುದಿಲ್ಲ, ಯಾರೋ ನಿಜವಾದ ಬಕೆಟ್ಟನ್ನೇ ಒದ್ದರು ಅಂತ ಆಗುತ್ತದೆ. ಗುಟ್ಟು ಬಿಟ್ಟುಕೊಡುವುದಕ್ಕೆ "ಸ್ಪಿಲ್ ದ ಬೀನ್ಸ್" ಅನ್ನುತ್ತಾರಲ್ಲ, ಅದನ್ನು "ದ ಬೀನ್ಸ್ ವರ್ ಸ್ಪಿಲ್ಡ್" ಅಂತ ತಿರುಗಿಸಿದರೂ ಗುಟ್ಟು ರಟ್ಟಾದ ಅರ್ಥ ಹಾಗೇ ಉಳಿಯುತ್ತದೆ, ಯಾಕಂದರೆ ಅಲ್ಲಿ ಬೀನ್ಸ್ ಅಂದರೆ ಗುಟ್ಟು, ಚೆಲ್ಲುವುದು ಅಂದರೆ ಹೊರಬೀಳುವುದು. ಸಾವಿನಲ್ಲಿ ಬಕೆಟ್ಟಿಗೆ ಅಂಥ ಪಾತ್ರವೇ ಇಲ್ಲ. ಅದಕ್ಕೇ ಪದ ಅಲ್ಲ, ವಾಕ್ಯ ಹಿಡಿದುಕೊಳ್ಳಿ.

ಸಬ್‌ಟೈಟಲ್_ಸುಮಾ

ಮೇಷ್ಟ್ರು ಹೇಳಿದ್ದು ಸರಿ. ಆದರೆ ನನ್ನ ಪ್ರಕಾರ ಅರ್ಥವೇ ಆಗದ ಮಾತುಗಳಿಂದ ಅಷ್ಟು ಅಪಾಯ ಇಲ್ಲ. ಗೊತ್ತಿಲ್ಲ ಅಂತ ಗೊತ್ತಿರುತ್ತದೆ, ಹುಡುಕುತ್ತೇವೆ. ಕನ್ನಡದ ಮುಖವಾಡ ಹಾಕಿಕೊಂಡು ಬರುವವೇ ಮೋಸ ಮಾಡೋದು.

ಸಬ್‌ಟೈಟಲ್ ಬರೆಯೋ ಕೆಲಸ ಶುರು ಮಾಡಿದ ಹೊಸದರಲ್ಲಿ "ಹಿ ಗೇವ್ ಮಿ ಎ ಹ್ಯಾಂಡ್" ಅನ್ನೋದಕ್ಕೆ ಸುಮ್ನೆ "ಅವನು ನನಗೆ ಕೈ ಕೊಟ್ಟ" ಅಂತ ಬರೆದಿದ್ದೆ. ಅಲ್ಲಿ ಸಹಾಯ ಮಾಡಿದವನು ಇಲ್ಲಿ ಮೋಸಗಾರನಾದ! ಮುಂದಿನ ದೃಶ್ಯದಲ್ಲಿ ಅವಳು ಅವನಿಗೆ ಥ್ಯಾಂಕ್ಸ್ ಹೇಳುತ್ತಾಳೆ ಬೇರೆ. ನೋಡಿದವರಿಗೆ ಏನನ್ನಿಸಿತೋ.

"ಪುಲಿಂಗ್ ಮೈ ಲೆಗ್" ಕೂಡ ಹಾಗೇ. ನಾವು ಕಾಲೆಳೆಯುವುದು ಅಂತ ತಮಾಷೆಗೂ ಅನ್ನುತ್ತೇವೆ, ಮೇಲೆ ಬರುತ್ತಿರುವವರನ್ನು ಕೆಳಗೆ ಬೀಳಿಸುವುದಕ್ಕೂ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಬರೀ ತಮಾಷೆ. ಆಫೀಸಿನಲ್ಲಿ ನನ್ನ ಕಾಲೆಳೆಯುತ್ತಾರೆ ಅಂತ ನೀವು ಅಳುತ್ತಾ ದೂರು ಬರೆದರೆ, ಓದಿದವರು "ಓ, ಒಳ್ಳೆ ಸ್ನೇಹಿತರು" ಅಂದುಕೊಳ್ಳುತ್ತಾರೆ.

ನಾನು ಈಗ ಅರ್ಥ ಬರೆದಿಟ್ಟುಕೊಳ್ಳುವುದಿಲ್ಲ, ಅದೇ ಜಾಗದಲ್ಲಿ ನಾವು ಏನನ್ನುತ್ತಿದ್ದೆವು ಅಂತ ಬರೆದುಕೊಳ್ಳುತ್ತೇನೆ. "ಬೀಟ್ ಅರೌಂಡ್ ದ ಬುಷ್" ಪಕ್ಕ "ಸುತ್ತಿ ಬಳಸಿ ಮಾತಾಡು". "ಆಡ್ ಫ್ಯೂಯಲ್ ಟು ದ ಫೈರ್" ಪಕ್ಕ "ಉರಿಯೋ ಬೆಂಕಿಗೆ ತುಪ್ಪ". ಜೊತೆಗೆ ಅದು ಸಿಕ್ಕಿದ ವಾಕ್ಯ. ವಾರಕ್ಕೆ ನಾಲ್ಕೈದು ಆದರೂ ಸಾಕು, ಮರೆಯುವುದಿಲ್ಲ.

ಕಥೆಪ್ರಿಯ

ಹುಟ್ಟಿದ ಕಥೆ ಓದಿ ಗುರು, ಮರೆಯೋಕೆ ಸಾಧ್ಯವೇ ಇಲ್ಲ. "ಥ್ರೋ ಇನ್ ದ ಟವೆಲ್" ಅಂದರೆ ಸೋಲೊಪ್ಪುವುದು. ಬಾಕ್ಸಿಂಗ್‌ನಲ್ಲಿ ಇನ್ನು ಸಾಕು ಅಂತ ಆಟಗಾರನ ಕಡೆಯವರು ಟವೆಲ್ ಎಸೆಯುತ್ತಾರಲ್ಲ, ಅಲ್ಲಿಂದ ಬಂದಿದ್ದು. "ಸೇವ್ಡ್ ಬೈ ದ ಬೆಲ್", ಅಂದರೆ ಕೊನೇ ಗಳಿಗೆಯಲ್ಲಿ ಬಚಾವಾಗುವುದು, ಇನ್ನೂ ಮಜಾ. ಜೀವಂತ ಹೂತುಹೋದವರು ಶವಪೆಟ್ಟಿಗೆಯೊಳಗಿಂದ ಗಂಟೆ ಬಾರಿಸಿ ಬಚಾವಾಗುತ್ತಿದ್ದರಂತೆ!

ನಿವೃತ್ತ_ಮೇಷ್ಟ್ರು

ಟವೆಲ್ ನಿಜ. ಶವಪೆಟ್ಟಿಗೆ ಆಮೇಲೆ ಯಾರೋ ಹೊಸೆದ ಕಥೆ. ಅದೂ ಬಾಕ್ಸಿಂಗ್‌ನದ್ದೇ, ಏಟು ತಿಂದು ಬೀಳುವ ಹೊತ್ತಿಗೆ ಸುತ್ತು ಮುಗಿದ ಗಂಟೆ ಹೊಡೆಯುತ್ತದಲ್ಲ, ಆ ಬೆಲ್. ಕಥೆ ಜಾಸ್ತಿ ರುಚಿಯಾಗಿದ್ದರೆ ಸ್ವಲ್ಪ ಅನುಮಾನಪಡಿ. ಅಲ್ಲದೆ ಹುಟ್ಟು ಗೊತ್ತಾದರೆ ಬಳಕೆ ಬರುತ್ತದೆ ಅಂತಲೂ ಇಲ್ಲ. "ಬೈ ಅಂಡ್ ಲಾರ್ಜ್" ಹಾಯಿಹಡಗಿನವರ ಮಾತು, ಗಾಳಿ ಎದುರಿಗಿದ್ದರೂ ಹಿಂದಿದ್ದರೂ ಅನ್ನುವಂಥದ್ದು. ಇವತ್ತು ಅದನ್ನು "ಒಟ್ಟಾರೆ" ಅಂತ ಬಳಸುವವರು ಯಾರೂ ಗಾಳಿ ನೋಡುವುದಿಲ್ಲ.

ಅರೆಬರೆ_ಇಂಗ್ಲಿಷು

ಎಲ್ಲರಿಗೂ ಥ್ಯಾಂಕ್ಸ್. ಪಿಡಿಎಫ್ ಅಳಿಸಿದೆ, ಸುಮಾ ಅವರ ಹಾಗೆ ಒಂದು ನೋಟ್‌ಬುಕ್ ಶುರು ಮಾಡಿದ್ದೇನೆ. ಮೊದಲನೇ ಸಾಲು: "ಟೇಬಲ್ ದಿಸ್, ಅಮೆರಿಕದವರು ಅಂದರೆ: ಆಮೇಲೆ ನೋಡೋಣ ಬಿಡಿ."

ಅಂದ ಹಾಗೆ ಈಗಷ್ಟೇ ಅದೇ ಮ್ಯಾನೇಜರಿಂದ ಮೇಲ್ ಬಂತು. "ನೈಸ್ ಟೇಬಲ್, ಲೆಟ್ಸ್ ಸರ್ಕಲ್ ಬ್ಯಾಕ್ ನೆಕ್ಸ್ಟ್ ವೀಕ್." ಮುಂದಿನ ವಾರ ಮತ್ತೆ ಮಾತಾಡೋಣ ಅಂತ ತಾನೇ? ವೃತ್ತ ಬರೆದು ಕಳಿಸೋಕೆ ಮುಂಚೆ ಕೇಳಿಬಿಡೋಣ ಅಂತ.

ಸಬ್‌ಟೈಟಲ್_ಸುಮಾ

ಹೌದು, ಅದೇ. ಈ ಸಲ ಮಲಗಿ :)