ರಾತ್ರಿ ಬ್ಯಾಕಪ್ ಹೊತ್ತಿಗೇ ಫೈಲ್ ಸರ್ವರ್‌ಗೆ ಕರ್ನಲ್ ಪ್ಯಾನಿಕ್

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಕಾಲೇಜ್ ಲ್ಯಾಬ್‌ನಲ್ಲಿ ಒಂದು ಲಿನಕ್ಸ್ ಫೈಲ್ ಸರ್ವರ್ ಇದೆ. 40 ಕಂಪ್ಯೂಟರ್‌ಗಳು ಎನ್‌ಎಫ್‌ಎಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ವ್ಯವಸ್ಥೆ) ಅದನ್ನೇ ನಂಬಿಕೊಂಡಿವೆ. ಎರಡು ವಾರದಲ್ಲಿ ಐದು ಸಲ ಕರ್ನಲ್ ಪ್ಯಾನಿಕ್ ಆಗಿದೆ (ಓಎಸ್‌ನ ತಿರುಳಾದ ಕರ್ನಲ್ಲೇ ಕೆಲಸ ನಿಲ್ಲಿಸಿದೆ), ಐದೂ ಸಲ ರಾತ್ರಿ ಬ್ಯಾಕಪ್ ನಡೆಯುವಾಗ. ಬೆಳಿಗ್ಗೆ ಬಂದರೆ ಸ್ಕ್ರೀನ್ ತುಂಬ ಅಕ್ಷರ, ಯಾವ ಕೀ ಒತ್ತಿದರೂ ಕದಲುವುದಿಲ್ಲ. ಲಾಗ್‌ನಲ್ಲೂ ಏನಿಲ್ಲ. ಕರ್ನಲ್ ಅಪ್‌ಡೇಟ್ ಮಾಡಿದೆ, ಅದೇ ಕಥೆ. ಓಎಸ್ ಹೊಸದಾಗಿ ಹಾಕಿಬಿಡಲಾ?

ಉತ್ತರ: ಬೇಡ, ಸುಮ್ನೆ ಒಂದು ದಿನ ಹಾಳು. ಲಾಗ್ ಖಾಲಿ ಇರುವುದು ಸಹಜ. ಕರ್ನಲ್ಲೇ ಬಿದ್ದ ಮೇಲೆ ಡಿಸ್ಕಿಗೆ ಬರೆಯುವವರು ಯಾರು? ಮೊದಲು ಕೆಡಂಪ್ ಆನ್ ಮಾಡಿ. ಬೂಟ್ ಆಗುವಾಗಲೇ 256 ಎಂಬಿ ಮೆಮೊರಿ ಬದಿಗಿಟ್ಟರೆ, ಪ್ಯಾನಿಕ್ ಆದಾಗ ಅಲ್ಲಿಂದ ಇನ್ನೊಂದು ಕರ್ನಲ್ ಎದ್ದು ಬಿದ್ದ ಕರ್ನಲ್‌ನ ಮೆಮೊರಿಯನ್ನು ಡಿಸ್ಕಿಗೆ ಉಳಿಸಿ, ರೀಬೂಟ್ ಮಾಡುತ್ತದೆ. ಎನ್‌ಎಫ್‌ಎಸ್ ಹಾರ್ಡ್ ಮೌಂಟ್ ಆಗಿದ್ದರೆ ಲ್ಯಾಬ್ ಕಂಪ್ಯೂಟರ್‌ಗಳು ಅಲ್ಲಿಯವರೆಗೆ ಕಾದು, ಆಮೇಲೆ ಕೆಲಸ ಮುಂದುವರಿಸುತ್ತವೆ.

ಸ್ಕ್ರೀನ್ ಫೋಟೊ ಇದೆಯಾ? ಅದರಲ್ಲಿನ ಕಾಲ್ ಟ್ರೇಸ್, ಅಂದರೆ ಬೀಳುವಾಗ ಯಾವ ಕೋಡ್ ಓಡುತ್ತಿತ್ತು ಎಂಬ ಪಟ್ಟಿ, ಹೋಲಿಸಿ ನೋಡಿ. ಪ್ರತಿ ಸಲ ಒಂದೇ ಜಾಗದಲ್ಲಿ ಬಿದ್ದಿದ್ದರೆ ನನ್ನ ಅನುಮಾನ ಡ್ರೈವರ್ ಮೇಲೆ. ಒಂದೊಂದು ಸಲ ಒಂದೊಂದು ಕಡೆ ಬಿದ್ದಿದ್ದರೆ ರ‍್ಯಾಮ್ ಮೇಲೆ.

ಪ್ರಶ್ನೆ: ಮೂರು ಫೋಟೊ ಇವೆ ಸರ್. ಒಂದು ಡಿಸ್ಕಿನ ಫೈಲ್‌ಸಿಸ್ಟಮ್ ಆದ ಇಎಕ್ಸ್‌ಟಿ4ನಲ್ಲಿ, ಒಂದು ನೆಟ್‌ವರ್ಕ್ ಕೋಡ್‌ನಲ್ಲಿ, ಇನ್ನೊಂದು ಎನ್‌ಎಫ್‌ಎಸ್‌ನ ಸರ್ವರ್ ಭಾಗವಾದ ಎನ್‌ಎಫ್‌ಎಸ್‌ಡಿಯಲ್ಲಿ. ಆದರೆ ರ‍್ಯಾಮ್ ಕೆಟ್ಟಿದ್ದರೆ ಹಗಲೂ ಬೀಳಬೇಕಲ್ವಾ? ಎಂಟೆಂಟು ಜಿಬಿಯ ಎರಡು ಸ್ಟಿಕ್ ಇವೆ, ಇಸಿಸಿ (ಬಿಟ್ ತಪ್ಪಿದರೆ ತಾನೇ ಹಿಡಿದು ತಿದ್ದುವ ರ‍್ಯಾಮ್) ಅಲ್ಲ.

ಉತ್ತರ: ಹಗಲು ನಿಮ್ಮ ಹುಡುಗರು ತೆರೆಯುವುದು ಅವೇ ಒಂದಿಷ್ಟು ಫೈಲು. ಬ್ಯಾಕಪ್ ಶುರುವಾದರೆ ಡಿಸ್ಕಿನಲ್ಲಿರುವುದೆಲ್ಲ ಓದಬೇಕು. ಓದಿದ್ದನ್ನು ಲಿನಕ್ಸ್ ಖಾಲಿ ರ‍್ಯಾಮ್‌ನಲ್ಲಿ ಪೇಜ್ ಕ್ಯಾಶ್ ಆಗಿ ಇಟ್ಟುಕೊಳ್ಳುತ್ತದೆ. 16 ಜಿಬಿಯೂ ತುಂಬುತ್ತದೆ, ಹಗಲು ಯಾರೂ ಮುಟ್ಟದ ಮೂಲೆಯೂ ಬಳಕೆಗೆ ಬರುತ್ತದೆ. ಕೆಟ್ಟ ಬಿಟ್ ಅಲ್ಲೇ ಇದ್ದರೆ ಮುಗಿಯಿತು. ಶನಿವಾರ ಸಂಜೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿ ಹೋಗಿ. ಒಂದು ಸುತ್ತು ಸಾಲದು, ಸೋಮವಾರದವರೆಗೆ ಓಡಲಿ.

ಪ್ರಶ್ನೆ: ಸರ್, ಎರಡನೇ ಸುತ್ತಿನಲ್ಲೇ ತಪ್ಪು ತೋರಿಸುವ ಕೆಂಪು ಸಾಲು ಬಂತು! ಒಂದೊಂದೇ ಹಾಕಿ ನೋಡಿದೆ, ಒಂದು ಸ್ಟಿಕ್ ಹೋಗಿದೆ. ತೆಗೆದು ನಾಲ್ಕು ರಾತ್ರಿಯಾಯಿತು, ಬ್ಯಾಕಪ್ ಸರಾಗ.

ಉತ್ತರ: ಒಳ್ಳೇದಾಯ್ತು. ಆದರೆ ಹಳೆಯ ಬ್ಯಾಕಪ್ ಅಳಿಸಬೇಡಿ. ಕೆಟ್ಟ ಬಿಟ್ ಕರ್ನಲ್‌ನ ಡೇಟಾದಲ್ಲಿ ಸಿಕ್ಕಾಗ ಪ್ಯಾನಿಕ್ ಆಗಿದೆ, ನಿಮಗೆ ಗೊತ್ತಾಗಿದೆ. ಯಾರದೋ ಫೈಲಿನ ನಡುವೆ ಸಿಕ್ಕಿದ್ದರೆ ಸದ್ದಿಲ್ಲದೆ ತಪ್ಪು ಬರೆದಿರುತ್ತದೆ. ತೊಂದರೆ ಶುರುವಾಗುವುದಕ್ಕೆ ಮುಂಚಿನ ಬ್ಯಾಕಪ್ ತೆಗೆದು, ಈಗಿನ ಫೈಲುಗಳ ಜೊತೆ ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಹೋಲಿಸಿ. ಯಾರೂ ತಿದ್ದದ ಫೈಲು ಬದಲಾಗಿದ್ದರೆ ಹಳೆಯದನ್ನೇ ವಾಪಸ್ ಹಾಕಿ. ಮುಂದಿನ ಸಲ ಸರ್ವರ್ ಕೊಳ್ಳುವಾಗ ಇಸಿಸಿ ರ‍್ಯಾಮ್ ಕೇಳಿ, ಪ್ರಿನ್ಸಿಪಾಲರು ಬೆಲೆ ನೋಡಿ ಮುಖ ಗಂಟಿಕ್ಕಿದರೂ ಸರಿ.